‘ಸೆಟ್’ ಎಂಬ ಪುಟಾಣಿ ಪದ, ಅದರ ನೂರೆಂಟು ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಸುದ್ದಿಮನೆಯ ಡೆಸ್ಕಿನಲ್ಲಿ ಕೂತು ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಈ ಕೆಲಸದಲ್ಲಿ ದೊಡ್ಡ ಪದಗಳು ಕಾಟ ಕೊಡುವುದಿಲ್ಲ. ‘ಕಾನ್‌ಸ್ಟಿಟ್ಯೂಷನ್’ ಬಂದರೆ ಸಂವಿಧಾನ ಎಂದು ಬರೆದು ಮುಂದೆ ಹೋಗಬಹುದು. ಕಾಡುವುದು ‘ಸೆಟ್’ ಥರದ ಚಿಕ್ಕವು. ಇಂಗ್ಲಿಷಿನಲ್ಲಿ ಬರೆದರೆ ಮೂರೇ ಅಕ್ಷರ, ಆದರೆ ಪ್ರತಿ ವಾಕ್ಯದಲ್ಲೂ ಬೇರೆ ವೇಷ. ಡೆಸ್ಕಿಗೆ ಹೊಸದಾಗಿ ಸೇರಿದವರು, ಕನ್ನಡ ಮಾಧ್ಯಮದಲ್ಲಿ ಓದಿ ಈಗ ಇಂಗ್ಲಿಷ್ ರೂಢಿ ಮಾಡಿಕೊಳ್ಳುತ್ತಿರುವ ಗೆಳೆಯರು, ಸಂಬಂಧಿಕರ ಮಕ್ಕಳು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಒಂದು ಪದಕ್ಕೆ ಅಷ್ಟೊಂದು ಅರ್ಥ ಇರುತ್ತಾ? ಯಾರಾದರೂ ಎಣಿಸಿದ್ದಾರಾ?

ಎಣಿಸಿದ್ದಾರೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಎಂಬ ಕ್ರಿಯಾಪದಕ್ಕೆ. 430ಕ್ಕೂ ಹೆಚ್ಚು ಅರ್ಥ, ಅವನ್ನು ವಿವರಿಸಲು ಸುಮಾರು 60,000 ಪದ. ನೀವೀಗ ಓದುತ್ತಿರುವಂಥ ಬರಹಗಳನ್ನು ಇಪ್ಪತ್ತು ಸೇರಿಸಿದರೂ ಅಷ್ಟಾಗುವುದಿಲ್ಲ.

ಕ್ವಿಜ್‌ಗಳಲ್ಲಿ ‘ಅತಿ ಹೆಚ್ಚು ಅರ್ಥವಿರುವ ಇಂಗ್ಲಿಷ್ ಪದ ಯಾವುದು’ ಎಂದರೆ ಈಗಲೂ ಸೆಟ್ ಎಂದೇ ಉತ್ತರ ಹೇಳುವವರಿದ್ದಾರೆ. ಆ ಪಟ್ಟ ಈಗ ಅದರ ಬಳಿ ಇಲ್ಲ. ನಿಘಂಟಿನ ಪರಿಷ್ಕರಣೆ ನಡೆದಾಗ ‘ರನ್’ ಅದನ್ನು ಹಿಂದೆ ಹಾಕಿತು. ಸಂಪಾದಕ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಅದೊಂದೇ ಪದದ ಮೇಲೆ ಕೂತು, ಕ್ರಿಯಾಪದವಾಗಿ ಅದಕ್ಕೆ 645 ಅರ್ಥ ಇದೆ ಎಂದು ಲೆಕ್ಕ ಕೊಟ್ಟರು. 2011ರಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು.

ಹಾಗಂತ ಹೆದರಬೇಡಿ. ನಿಘಂಟಿನವರು ಕೂದಲು ಸೀಳುವ ಜನ. ಸತ್ತುಹೋದ ಅರ್ಥಗಳನ್ನೂ ಬಿಡುವುದಿಲ್ಲ. ಪೇಪರ್ ಓದಲು, ಆಫೀಸಿನಲ್ಲಿ ಮಾತಾಡಲು ಒಂದಿಪ್ಪತ್ತು ಗೊತ್ತಿದ್ದರೆ ಸಾಕು.

ಆ ಇಪ್ಪತ್ತನ್ನೂ ಬಾಯಿಪಾಠ ಮಾಡಬೇಕಾ?

ಬೇಡ. ಈ ಪದದ ಬೀಗದ ಕೈ ಕನ್ನಡದಲ್ಲೇ ಇದೆ. ಅದು ‘ಕೂರಿಸು’.

ಸುಮ್ನೆ ಹೇಳುತ್ತಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಸೆಟ್ಟನ್’. ಅದು ‘ಸಿಟ್’ ಎಂಬ ಕ್ರಿಯಾಪದದ ಪ್ರೇರಣಾರ್ಥಕ ರೂಪ. ನಾವು ಕೂರು–ಕೂರಿಸು, ಮಲಗು–ಮಲಗಿಸು, ಏಳು–ಎಬ್ಬಿಸು ಅನ್ನುತ್ತೇವಲ್ವಾ, ಹಾಗೆ. ನಮ್ಮಲ್ಲಿ ಸಾಮಾನ್ಯವಾಗಿ ‘ಇಸು’ ಸೇರಿಸಿದರೆ ಆಯಿತು. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ಅಂಥದ್ದೊಂದು ಪ್ರತ್ಯಯ ಇತ್ತು. ಅದು ಒಳಗಿನ ಸ್ವರವನ್ನು ಬದಲಾಯಿಸಿ ತಾನು ಮಾಯವಾಯಿತು. ಉಳಿದದ್ದು ಸಿಟ್–ಸೆಟ್, ಲೈ–ಲೇ (ಮಲಗು–ಮಲಗಿಸು), ರೈಸ್–ರೇಸ್ (ಏಳು–ಎಬ್ಬಿಸು), ಫಾಲ್–ಫೆಲ್ ಥರದ ಕೆಲವೇ ಜೋಡಿಗಳು. ಮರ ಬಿದ್ದರೆ ಫಾಲ್, ಮರ ಬೀಳಿಸಿದರೆ ಫೆಲ್. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಕೂರುವುದು ‘ಜಿಟ್ಸನ್’, ಕೂರಿಸುವುದು ‘ಜೆಟ್ಸನ್’.

ಈಗ ಕನ್ನಡದ ‘ಕೂರಿಸು’ ಎಲ್ಲೆಲ್ಲಿ ಬರುತ್ತೆ ನೋಡಿ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ. ಇಂಗ್ಲಿಷಿನಲ್ಲೂ ಅದು ಸೆಟ್. ಮುರಿದ ಮೂಳೆ ಕೂರಿಸುತ್ತಾರೆ. ಅದೂ ಸೆಟ್. ಬೆಂಗಳೂರಿನ ಬೀದಿಗಳಲ್ಲಿ ‘ಪುತ್ತೂರು ಬೋನ್ ಸೆಟ್ಟಿಂಗ್’ ಎಂಬ ಬೋರ್ಡ್ ನೋಡಿರುತ್ತೀರಿ. (ಆ ಪುತ್ತೂರು ನಮ್ಮ ದಕ್ಷಿಣ ಕನ್ನಡದ್ದಲ್ಲ, ತಿರುಪತಿ ಕಡೆಯ ಆಂಧ್ರದ ಪುತ್ತೂರು. ಇದನ್ನು ಕರಾವಳಿಯವರಿಗೆ ಎಷ್ಟು ಸಲ ಹೇಳಿದ್ದೇನೋ.) ಹಳ್ಳಿಯಲ್ಲಿ ಕೋಳಿಯನ್ನು ಮೊಟ್ಟೆ ಮೇಲೆ ಕಾವಿಗೆ ಕೂರಿಸುತ್ತಾರೆ. ಇಂಗ್ಲಿಷ್ ರೈತರೂ ಅದಕ್ಕೆ ಸೆಟ್ ಅಂತಲೇ ಅನ್ನುವುದು. ಸಿನಿಮಾ ಹಾಡು ಬರೆಯುವವರು ಟ್ಯೂನಿಗೆ ಸಾಲು ಕೂರಿಸುತ್ತಾರೆ. ಪದಕ್ಕೆ ಸಂಗೀತ ಹೊಂದಿಸಿದರೂ ಇಂಗ್ಲಿಷಿನಲ್ಲಿ ‘ಸೆಟ್ ಟು ಮ್ಯೂಸಿಕ್’.

ಒಂದು ವಸ್ತುವನ್ನು ಅದರ ಜಾಗದಲ್ಲಿ, ಅದು ಅಲ್ಲಾಡದ ಹಾಗೆ ಇರಿಸುವುದು. ಇದಿಷ್ಟೇ ಮೂಲ ಚಿತ್ರ. ಬೆಲೆ, ದಿನಾಂಕ, ಗಡುವು, ಅಲಾರಂ, ಗುರಿ, ಪ್ರಶ್ನೆಪತ್ರಿಕೆ, ಇಲಿಯ ಬೋನು ಎಲ್ಲಕ್ಕೂ ಸೆಟ್ ಬರುವುದು ಈ ಚಿತ್ರದಿಂದಲೇ. ಗಡಿಯಾರದ ಮುಳ್ಳನ್ನು ಐದು ಗಂಟೆಯ ಮೇಲೆ ಕೂರಿಸಿದರೆ ಅಲಾರಂ ಸೆಟ್ ಆಯಿತು. ಕಥೆಯನ್ನು ಮೈಸೂರಿನಲ್ಲಿ ಕೂರಿಸಿದರೆ ಅದು ಮೈಸೂರಿನಲ್ಲಿ ‘ಸೆಟ್’ ಆದ ಕಥೆ.

ಹಾಗಾದರೆ ಕೂರಿಸು ಅಂದ ಕಡೆಯೆಲ್ಲ ಸೆಟ್ ಹಾಕಿಬಿಡಬಹುದಾ?

ಅಯ್ಯೋ, ಬೇಡ. ಮನೆಗೆ ಬಂದ ನೆಂಟರನ್ನು ಕೂರಿಸುವುದಕ್ಕೆ ‘ಸೀಟ್’. ಗಣಪತಿ ಕೂರಿಸುವುದಕ್ಕೆ ‘ಇನ್‌ಸ್ಟಾಲ್’. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದಕ್ಕೆ ಸಿಟ್ ಬಳಸಿಯೇ ಹೇಳುತ್ತಾರೆ. ಬೀಗದ ಕೈ ಬಾಗಿಲು ತೆಗೆಯುವುದಕ್ಕೆ, ಗೋಡೆ ಒಡೆಯುವುದಕ್ಕಲ್ಲ. ಇಂಗ್ಲಿಷ್ ಓದುವಾಗ ‘ಕೂರಿಸು’ ನೆನಪಿಸಿಕೊಳ್ಳಿ. ಇಂಗ್ಲಿಷ್ ಬರೆಯುವಾಗ ಮಾತ್ರ ಬೇರೆಯವರು ಹೇಗೆ ಬರೆದಿದ್ದಾರೆ ಎಂದು ಒಮ್ಮೆ ನೋಡಿಕೊಳ್ಳಿ.

ಸೋಫಾ ಸೆಟ್, ಬಳೆ ಸೆಟ್, ಪಾತ್ರೆ ಸೆಟ್. ಇಲ್ಲಿ ಯಾರು ಯಾರನ್ನು ಕೂರಿಸಿದರು?

ಒಳ್ಳೆಯ ಪ್ರಶ್ನೆ. ಯಾರೂ ಕೂರಿಸಿಲ್ಲ. ಇದು ಮೂಲದಲ್ಲಿ ಬೇರೆಯದೇ ಪದ. ‘ಗುಂಪು, ಜೊತೆ’ ಎಂಬ ಅರ್ಥದ ಸೆಟ್ ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಅದರ ಹಿಂದಿರುವುದು ಲ್ಯಾಟಿನ್ನಿನ ‘ಸೆಕ್ಟಾ’, ಅಂದರೆ ಒಬ್ಬರನ್ನು ಹಿಂಬಾಲಿಸುವವರ ಪಂಗಡ. ಪಂಥ ಎಂಬ ಅರ್ಥದ ‘ಸೆಕ್ಟ್’ ಕೂಡ ಅಲ್ಲಿಂದಲೇ ಬಂದದ್ದು. ಆಮೇಲೆ ಎರಡೂ ಒಂದೇ ಥರ ಕೇಳಿಸುತ್ತಿದ್ದರಿಂದ ಒಂದರ ನೆರಳು ಇನ್ನೊಂದರ ಮೇಲೆ ಬಿತ್ತು. ಒಟ್ಟಿಗೆ ಕೂರಿಸಿಟ್ಟ ವಸ್ತುಗಳೇ ಸೆಟ್ ಎಂಬ ಭಾವನೆ ಜನರಲ್ಲಿ ಬೆಳೆಯಿತು.

ನಮಗೆ ಇದೇನು ಹೊಸದಲ್ಲ. ಕನ್ನಡದ ಅಂಕಿಗಳನ್ನೇ ನೋಡಿ. ಆರು ಅಂದರೆ ಸಂಖ್ಯೆಯೂ ಹೌದು, ಕಾಫಿ ಆರುವುದೂ ಹೌದು. ಏಳು ಸಂಖ್ಯೆಯೂ ಹೌದು, ಹಾಸಿಗೆಯಿಂದ ಏಳುವುದೂ ಹೌದು. ಹತ್ತು ಸಂಖ್ಯೆ, ಬಸ್ ಹತ್ತುವುದು ಬೇರೆ. ಹೊರಗಿನವರಿಗೆ ಇದನ್ನು ವಿವರಿಸಲು ಹೋದರೆ ನಮಗೂ ತಲೆ ಕೆಡುತ್ತೆ.

ಕರ್ನಾಟಕದಲ್ಲಿ ಈ ‘ಜೊತೆ’ ಸೆಟ್ಟಿಗೆ ಅತಿ ಹೆಚ್ಚು ಕೆಲಸ ಕೊಟ್ಟಿದ್ದು ರೈತರು. ಪಂಪ್‌ಸೆಟ್. ಪಂಪು ಮತ್ತು ಮೋಟಾರು ಎರಡೂ ಜೊತೆಯಲ್ಲಿ ಬರುವುದರಿಂದ ಆ ಹೆಸರು. ಸರ್ಕಾರಿ ಕಡತದಲ್ಲಿ ‘ಐಪಿ ಸೆಟ್’ ಎಂದು ಬರೆಯುತ್ತಾರೆ, ನೀರಾವರಿ ಪಂಪ್‌ಸೆಟ್ ಎಂದು ಅರ್ಥ. 10 ಎಚ್‌ಪಿವರೆಗಿನವಕ್ಕೆ ಉಚಿತ ವಿದ್ಯುತ್ ಎಂಬ ಸುದ್ದಿಯಲ್ಲಿ ಬರುವುದು ಇದೇ. ಮದುವೆ ಛತ್ರದ ಹಿಂದೆ ಗುಡುಗುಡು ಅನ್ನುವ ಜೆನ್‌ಸೆಟ್ಟಿಗೂ ಅದೇ ಲೆಕ್ಕ: ಎಂಜಿನ್ ಒಂದು, ವಿದ್ಯುತ್ ತಯಾರಿಸುವ ಭಾಗ ಇನ್ನೊಂದು.

ಸೂರ್ಯ ಸೆಟ್ ಆಗುವುದು ಅಂದರೆ?

ಅದು ಮುಳುಗುವುದು. ಇಲ್ಲಿ ಸೂರ್ಯನನ್ನು ಯಾರೂ ಕೂರಿಸುವುದಿಲ್ಲ, ಅವನೇ ಕೂರುತ್ತಾನೆ. ಪ್ರೇರಣಾರ್ಥಕ ಪದವೊಂದು ಹಾದಿಯಲ್ಲಿ ತನ್ನ ‘ಇಸು’ವನ್ನು ಕಳೆದುಕೊಂಡಿತು ಎಂದುಕೊಳ್ಳಿ. ಕನ್ನಡದಲ್ಲಿ ಇದಕ್ಕೆ ‘ಕಂತು’ ಎಂಬ ಚೆಂದದ ಪದ ಇದೆ. ಹೊತ್ತು ಕಂತಿತು. ಈಗ ಆ ಪದ ಕೇಳಿದರೆ ಬ್ಯಾಂಕಿನ ಸಾಲದ ಕಂತು ನೆನಪಾಗುತ್ತೆ, ಏನು ಮಾಡುವುದು.

ಸಿಮೆಂಟ್ ಸೆಟ್ ಆಗುವುದು, ಒಣಗುವುದು ಎರಡೂ ಒಂದೇ ಅಲ್ವಾ?

ಅಲ್ಲ. ಮನೆ ಕಟ್ಟಿಸುವವರು ಇದನ್ನು ತಿಳಿದಿರಬೇಕು. ಒಣಗುವುದೆಂದರೆ ನೀರು ಹಾರಿಹೋಗುವುದು. ಸಿಮೆಂಟ್ ಸೆಟ್ ಆಗುವಾಗ ನೀರು ಹಾರಿಹೋಗಬಾರದು, ಅದು ಸಿಮೆಂಟಿನ ಜೊತೆ ರಾಸಾಯನಿಕವಾಗಿ ಸೇರಬೇಕು. ಅದಕ್ಕೇ ಗಾರೆ ಕೆಲಸದವರು ‘ಕ್ಯೂರಿಂಗ್ ಮಾಡಿ, ನೀರು ಹಾಕಿ’ ಎಂದು ಗೋಗರೆಯುವುದು. ಒಣಗಿದರೆ ಗಟ್ಟಿಯಾಗುತ್ತೆ ಎಂದು ನೀರು ಹಾಕದೆ ಬಿಟ್ಟರೆ ಬಿರುಕು ಬಿಡುತ್ತೆ.

ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಭಾರತೀಯ ಮಾನಕದ ಪ್ರಕಾರ ಎರಡು ಲೆಕ್ಕ ಇದೆ. ನೀರು ಬೆರೆಸಿದ ಮೇಲೆ ಕನಿಷ್ಠ 30 ನಿಮಿಷ ಅದು ಬಿಗಿಯಲು ಶುರುವಾಗಬಾರದು, ಇಲ್ಲದಿದ್ದರೆ ಹಾಕುವ ಮೊದಲೇ ಬಾಂಡಲಿಯಲ್ಲಿ ಕಲ್ಲಾಗುತ್ತೆ. 600 ನಿಮಿಷ, ಅಂದರೆ ಹತ್ತು ಗಂಟೆಯೊಳಗೆ ಪೂರ್ತಿ ಸೆಟ್ ಆಗಿರಬೇಕು. ಮೊದಲನೆಯದು ಬೇಗ ಆಗದಿರಲಿ ಎಂದೇ ಕಾರ್ಖಾನೆಯಲ್ಲಿ ಜಿಪ್ಸಂ ಸೇರಿಸುತ್ತಾರೆ. ಸೆಟ್ ಆದ ತಕ್ಷಣ ಪೂರ್ತಿ ಬಲ ಬಂತು ಅಂತಲೂ ಅಲ್ಲ. ಬಲ ಬರುವುದು ಆಮೇಲೆ, ದಿನಗಟ್ಟಲೆ ನಿಧಾನವಾಗಿ.

ಜೆಲ್ಲಿ, ಕಸ್ಟರ್ಡ್, ಮೊಸರಿಗೂ ಇದೇ ಸೆಟ್. ಆದರೆ ಮೊಸರಿಗೆ ನಮ್ಮಲ್ಲಿ ಹೆಪ್ಪು ಎಂಬ ಪದ ಇರುವಾಗ ‘ಮೊಸರು ಸೆಟ್ ಆಗಿಲ್ಲ’ ಅನ್ನುವವರ ಮೇಲೆ ನನಗೆ ಸಣ್ಣ ಸಿಟ್ಟಿದೆ.

ಕೋರ್ಟ್ ಸುದ್ದಿಯಲ್ಲಿ ‘ಸೆಟ್ ಅಸೈಡ್’ ಅಂದರೆ ಪಕ್ಕಕ್ಕಿಡುವುದಾ?

ಈ ಪ್ರಶ್ನೆಗೆ ನಾನು ಬೆಲೆ ತೆತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೈಕೋರ್ಟ್ ಕೆಳ ನ್ಯಾಯಾಲಯದ ಆದೇಶವನ್ನು ‘ಸೆಟ್ ಅಸೈಡ್’ ಮಾಡಿದೆ ಎಂಬ ಸುದ್ದಿ ಬಂತು. ಪಕ್ಕಕ್ಕೆ ತೆಗೆದಿಟ್ಟಿದೆ, ಅಂದರೆ ಆಮೇಲೆ ನೋಡುತ್ತಾರೆ ಎಂದುಕೊಂಡು ‘ಆದೇಶ ಕಾಯ್ದಿರಿಸಿದ ಹೈಕೋರ್ಟ್’ ಎಂದು ಶೀರ್ಷಿಕೆ ಕೊಟ್ಟೆ. ಪುಟ ಅಚ್ಚಿಗೆ ಹೋಗುವ ಹತ್ತು ನಿಮಿಷ ಮೊದಲು ಹಿರಿಯರೊಬ್ಬರು ನೋಡಿದರು. ‘ಏನಪ್ಪಾ, ಗೆದ್ದವನನ್ನ ಕಾಯೋಕೆ ನಿಲ್ಲಿಸಿದ್ದೀಯಲ್ಲ’ ಎಂದರು. ಅಷ್ಟೇ. ಅವತ್ತು ಊಟ ಸೇರಲಿಲ್ಲ.

ಕೋರ್ಟಿನ ಮಟ್ಟಿಗೆ ಸೆಟ್ ಅಸೈಡ್ ಅಂದರೆ ರದ್ದು. ಆ ಆದೇಶ ಇನ್ನು ಇಲ್ಲ. ತಡೆಯಾಜ್ಞೆ ಎಂದರೆ ‘ಸ್ಟೇ’, ಆದೇಶ ಜೀವಂತ ಇದೆ, ಜಾರಿ ನಿಂತಿದೆ. ಕಾಯ್ದಿರಿಸುವುದು ‘ರಿಸರ್ವ್’, ವಾದ ಮುಗಿದಿದೆ, ತೀರ್ಪು ಬರಬೇಕಿದೆ. ಇವು ಮೂರೂ ಬೇರೆ ಬೇರೆ. ಕೆಲವೊಮ್ಮೆ ಆದೇಶವನ್ನು ರದ್ದು ಮಾಡಿ, ಹೊಸದಾಗಿ ವಿಚಾರಣೆ ಮಾಡಿ ಎಂದು ಕೆಳ ಕೋರ್ಟಿಗೆ ವಾಪಸ್ ಕಳಿಸುತ್ತಾರೆ. ಆಗ ಗೆದ್ದವರು ಪೂರ್ತಿ ಗೆದ್ದಂತೆಯೂ ಅಲ್ಲ.

ಕೋರ್ಟಿನಿಂದ ಹೊರಗೆ ಬಂದರೆ ಇದೇ ಮಾತಿಗೆ ಎತ್ತಿಡುವುದು ಎಂಬ ಸಾಧು ಅರ್ಥ. ಮಗಳ ಓದಿಗೆ ಹಣ ಎತ್ತಿಟ್ಟಿದ್ದಾರೆ. ಬಜೆಟ್ಟಿನಲ್ಲಿ ಇಂತಿಷ್ಟು ಕೋಟಿ ತೆಗೆದಿರಿಸಿದ್ದಾರೆ. ಒಂದೇ ಮಾತು ವಿಧಾನಸೌಧದಲ್ಲಿ ಹಣ ಕೂಡಿಡುತ್ತೆ, ರಸ್ತೆ ದಾಟಿ ಎದುರಿನ ಹೈಕೋರ್ಟಿಗೆ ಹೋದರೆ ಆದೇಶ ಅಳಿಸುತ್ತೆ.

‘ಸೆಟ್ ಆಫ್’ಗೆ ಹೊರಡುವುದು ಅಂತ ಓದಿದ್ದೆ. ಜೈಲಿನ ಸುದ್ದಿಯಲ್ಲೂ ಬಂತಲ್ಲ?

ಹೊರಡುವುದೂ ಹೌದು. ಬೆಳಿಗ್ಗೆ ಧರ್ಮಸ್ಥಳಕ್ಕೆ ಹೊರಟರೆ ಸೆಟ್ ಆಫ್. ಪಟಾಕಿ ಹಚ್ಚಿದರೂ ಸೆಟ್ ಆಫ್. ಒಂದು ಹೇಳಿಕೆ ಗಲಾಟೆಗೆ ಕಿಡಿ ಹಚ್ಚಿದರೂ ಅದೇ. ನಿಂತಿದ್ದ ಒಂದು ಸಂಗತಿಗೆ ಚಾಲನೆ ಸಿಕ್ಕಿತು ಅನ್ನುವುದು ಮೂರರಲ್ಲೂ ಇದೆ.

ಕಾನೂನು ಮತ್ತು ಲೆಕ್ಕಪತ್ರದಲ್ಲಿ ಮಾತ್ರ ಅದು ವಜಾ ಹಾಕಿಕೊಳ್ಳುವುದು. ಒಬ್ಬನಿಗೆ 3 ವರ್ಷ ಶಿಕ್ಷೆಯಾಯಿತು, ವಿಚಾರಣೆ ವೇಳೆ ಆಗಲೇ 8 ತಿಂಗಳು ಒಳಗಿದ್ದ ಎಂದುಕೊಳ್ಳಿ. ಆ 8 ತಿಂಗಳನ್ನು ಕಳೆದು ಇನ್ನು 2 ವರ್ಷ 4 ತಿಂಗಳು ಇದ್ದರೆ ಸಾಕು. ಹಿಂದೆ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 428ನೇ ಸೆಕ್ಷನ್‌ನಲ್ಲಿದ್ದ ಈ ಅವಕಾಶ ಈಗ ಅದರ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 468ರಲ್ಲಿದೆ. ಆದಾಯ ತೆರಿಗೆಯಲ್ಲಿ ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭದಲ್ಲಿ ಕಳೆಯುವುದೂ ಸೆಟ್ ಆಫ್. ನಮ್ಮ ಅಂಗಡಿ ಭಾಷೆಯಲ್ಲಿ ಇದಕ್ಕೆ ‘ಹಳೇ ಬಾಕಿಗೆ ಮುರ್ಕೊಳ್ಳೋದು’ ಅನ್ನುತ್ತಾರೆ. ಅದಕ್ಕಿಂತ ಒಳ್ಳೆಯ ಅನುವಾದ ನನಗೆ ಇನ್ನೂ ಸಿಕ್ಕಿಲ್ಲ.

ಮುಂಗಾರು ‘ಸೆಟ್ ಇನ್’ ಆಗಿದೆ ಅಂತ ಹವಾಮಾನ ಇಲಾಖೆ ಹೇಳುವುದು ಯಾಕೆ? ‘ಬಂದಿದೆ’ ಅಂದರೆ ಸಾಲದಾ?

ಸಾಲದು. ಒಂದು ದಿನ ಸುರಿದು ಹೋದರೆ ಅದು ಮಳೆ ಬಂತು ಅಷ್ಟೇ. ಬಂದು, ಬೇರೂರಿ, ಇನ್ನು ಸ್ವಲ್ಪ ಕಾಲ ಹೋಗುವುದಿಲ್ಲ ಎಂದಾದರೆ ಸೆಟ್ ಇನ್. ಕೇರಳಕ್ಕೆ ಜೂನ್ 1ರ ಸುಮಾರಿಗೆ ನೈರುತ್ಯ ಮುಂಗಾರು ಬರುವುದು ವಾಡಿಕೆ. ಇಷ್ಟು ಕೇಂದ್ರಗಳಲ್ಲಿ ಇಷ್ಟು ಮಳೆಯಾಗಬೇಕು, ಗಾಳಿ ಹೀಗಿರಬೇಕು ಎಂದೆಲ್ಲ ನೋಡಿಯೇ ಇಲಾಖೆ ಆ ಮಾತು ಆಡುವುದು.

ಪೇಪರಿನಲ್ಲಿ ನಾವು ‘ಮುಂಗಾರು ಪ್ರವೇಶ’ ಎಂದು ಬರೆಯುತ್ತೇವೆ. ಮಲೆನಾಡಿನವರ ಮಾತು ಇದಕ್ಕಿಂತ ಸರಿಯಾಗಿದೆ: ‘ಮಳೆ ಹಿಡೀತು’. ಹಿಡಿದ ಮಳೆ ಬಿಡುವವರೆಗೆ ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಹಾಗಿಲ್ಲ. ಇಂಗ್ಲಿಷಿನಲ್ಲಿ ಹೀಗೆ ಸೆಟ್ ಇನ್ ಆಗುವವುಗಳಲ್ಲಿ ಜಾಸ್ತಿ ಬೇಡದವೇ: ಚಳಿ, ಕೊಳೆ, ಸೋಂಕು, ಬೇಸರ. ಪಾಪ, ಮುಂಗಾರು ಆ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದೆ.

ಸೆಟ್‌ಬ್ಯಾಕ್ ಅಂದರೆ ಹಿನ್ನಡೆ. ಮತ್ತೆ ಪಾಲಿಕೆಯವರು ‘ಸೆಟ್‌ಬ್ಯಾಕ್ ಬಿಟ್ಟಿಲ್ಲ’ ಅಂತ ನೋಟಿಸ್ ಕೊಡುತ್ತಾರಲ್ಲ?

ಅದು ಸೈಟಿನ ಗಡಿಗೂ ಕಟ್ಟಡದ ಗೋಡೆಗೂ ನಡುವೆ ಬಿಡಬೇಕಾದ ಖಾಲಿ ಜಾಗ. ಗೋಡೆಯನ್ನು ಗಡಿಯಿಂದ ಹಿಂದಕ್ಕೆ ಕೂರಿಸಬೇಕು, ಅದಕ್ಕೆ ಸೆಟ್‌ಬ್ಯಾಕ್. ಮುಂದೆ ಹೋಗುತ್ತಿದ್ದವರನ್ನು ಹಿಂದಕ್ಕೆ ಕೂರಿಸಿದರೆ ಹಿನ್ನಡೆ. ಚಿತ್ರ ಒಂದೇ. ಬೆಂಗಳೂರಿನಲ್ಲಿ ಸೆಟ್‌ಬ್ಯಾಕ್ ಬಿಡದೆ ಕಟ್ಟಿದವರಿಗೆ ಕೋರ್ಟಿನಲ್ಲಿ ಸೆಟ್‌ಬ್ಯಾಕ್ ಆದ ಸುದ್ದಿ ಬಂದರೆ ಅನುವಾದ ಮಾಡುವವನ ಸ್ಥಿತಿ ಯೋಚಿಸಿ.

ಹೆಡ್‌ಲೈನಿನಲ್ಲಿ ‘ಸೆಟ್ ಟು’ ಬಂದರೆ ಕೆಲಸ ಆಗಿಹೋಗಿದೆ ಅಂತಲಾ?

ಆಗಿಲ್ಲ. ಆಗುವ ಸೂಚನೆ ಇದೆ. ಹಾಲಿನ ದರ ‘ಸೆಟ್ ಟು ರೈಸ್’ ಎಂದರೆ ಏರಲಿದೆ, ಇನ್ನೂ ಏರಿಲ್ಲ. ಮನುಷ್ಯರ ವಿಷಯಕ್ಕೆ ಬಂದರೆ ‘ಸಜ್ಜು’ ಎಂಬ ಪದ ಚೆನ್ನಾಗಿ ಹೊಂದುತ್ತೆ. ಸಂಪುಟ ವಿಸ್ತರಣೆಗೆ ಮುಖ್ಯಮಂತ್ರಿ ಸಜ್ಜು. ಆಮೇಲೆ ವಿಸ್ತರಣೆ ನಡೆಯದಿದ್ದರೂ ಪತ್ರಿಕೆ ಸುಳ್ಳು ಬರೆದಂತಾಗುವುದಿಲ್ಲ. ಪತ್ರಕರ್ತರು ಇದನ್ನು ಇಷ್ಟಪಡುವುದು ಅದಕ್ಕೇ.

ಸೆಟ್ ಅಪ್ ಅಂದರೆ ಸ್ಥಾಪಿಸುವುದೋ, ಸಿಕ್ಕಿಹಾಕಿಸುವುದೋ?

ಎರಡೂ. ಕಂಪನಿ, ಸಮಿತಿ, ಆಸ್ಪತ್ರೆ ಆದರೆ ಸ್ಥಾಪನೆ. ಸೆಟ್ ಅಪ್ ಆದದ್ದು ಮನುಷ್ಯನಾಗಿದ್ದು, ಅವನು ಗೋಳಾಡುತ್ತಿದ್ದರೆ ಬಹುಮಟ್ಟಿಗೆ ‘ನನ್ನನ್ನು ಬಲೆಗೆ ಕೆಡವಿದರು’ ಎಂದು. ಹುಡುಗ ಹುಡುಗಿಯನ್ನು ಪರಿಚಯ ಮಾಡಿಸುವುದಕ್ಕೂ ಬಳಸುತ್ತಾರೆ. ಮುಂದಿನ ವಾಕ್ಯ ಓದಿ, ಗೊತ್ತಾಗುತ್ತೆ.

ಭೂತಕಾಲದಲ್ಲಿ ‘ಸೆಟ್ಟೆಡ್’ ಅನ್ನಬಹುದಾ?

ಬೇಡ. ನಿನ್ನೆಯೂ ಸೆಟ್, ಇವತ್ತೂ ಸೆಟ್. ಕಟ್, ಪುಟ್, ಹಿಟ್, ಶಟ್ ಎಲ್ಲ ಇದೇ ಜಾತಿ.

ಆಟದಲ್ಲಿ ಸೆಟ್ ಅಂದರೆ?

ಆಟಕ್ಕೊಂದು ಲೆಕ್ಕ. ಟೆನಿಸ್‌ನಲ್ಲಿ ಕನಿಷ್ಠ ಎರಡರ ಅಂತರದಲ್ಲಿ ಮೊದಲು ಆರು ಗೇಮ್ ಗೆದ್ದವರಿಗೆ ಸೆಟ್. 6–6 ಆದರೆ ಟೈಬ್ರೇಕ್, ಅಂದರೆ ಸೆಟ್ ಯಾರಿಗೆ ಎಂದು ತೀರ್ಮಾನಿಸುವ ಒಂದೇ ಗೇಮ್. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ಸ್ಕೋರ್ 7–6, 7–5. ಎರಡು ಸೆಟ್‌ನಲ್ಲಿ ಮುಗಿಯಿತು, ಮೊದಲನೆಯದು ಟೈಬ್ರೇಕ್‌ನಲ್ಲಿ ಬಂತು ಎಂದು ಓದಿಕೊಳ್ಳಬೇಕು.

ವಿಂಬಲ್ಡನ್‌ನ ಕೊನೆಯ ಸೆಟ್‌ಗೆ ಹಿಂದೆ ಟೈಬ್ರೇಕ್ ಇರಲಿಲ್ಲ. 2010ರಲ್ಲಿ ಇಸ್ನರ್ ಮತ್ತು ಮಹೂತ್ ಆಡಿದ ಪಂದ್ಯದ ಕೊನೆಯ ಸೆಟ್ 70–68ಕ್ಕೆ ಮುಗಿಯಿತು. ಪಂದ್ಯ ಒಟ್ಟು 11 ಗಂಟೆ 5 ನಿಮಿಷ ನಡೆಯಿತು, ಮೂರು ದಿನಕ್ಕೆ ಹಂಚಿಕೊಂಡು. ಅವತ್ತು ಸ್ಕೋರ್‌ಬೋರ್ಡೇ ಕೈಕೊಟ್ಟಿತ್ತು. ಈಗ ನಾಲ್ಕೂ ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಕೊನೆಯ ಸೆಟ್‌ಗೂ ಟೈಬ್ರೇಕ್ ಇದೆ.

ವಾಲಿಬಾಲ್‌ನಲ್ಲಿ ಸೆಟ್ 25 ಅಂಕಕ್ಕೆ, ಐದನೆಯದು 15ಕ್ಕೆ. ಅಲ್ಲಿ ಗೊಂದಲ ಡಬಲ್: ಹೊಡೆಯುವವನಿಗೆ ಚೆಂಡನ್ನು ಎತ್ತಿಕೊಡುವುದಕ್ಕೂ ಸೆಟ್ ಅನ್ನುತ್ತಾರೆ. ಹಳ್ಳಿ ಅಂಗಳದಲ್ಲಿ ನಾವು ಅವನನ್ನು ‘ಲಿಫ್ಟರ್’ ಎಂದು ಕರೆದು ಈ ಗೊಂದಲದಿಂದ ತಪ್ಪಿಸಿಕೊಂಡಿದ್ದೇವೆ. ಓಟದಲ್ಲಿ 400 ಮೀಟರ್‌ವರೆಗಿನ ಸ್ಪರ್ಧೆಗಳಿಗೆ ಮಾತ್ರ ಗುಂಡು ಹಾರುವ ಮೊದಲು ‘ಸೆಟ್’ ಎಂಬ ಕೂಗು ಇರುತ್ತೆ. ಅದಕ್ಕಿಂತ ದೂರದ ಓಟಕ್ಕೆ ಅದಿಲ್ಲ.

ಗಣಿತದ ಸೆಟ್‌ಗೆ ಕನ್ನಡದಲ್ಲಿ ‘ಗಣ’ ಅಂತ ಯಾಕೆ?

ಗುಂಪು ಎಂಬ ಅರ್ಥಕ್ಕೆ ಒಳ್ಳೆಯ ಪದ, ಶೂನ್ಯ ಗಣ, ಉಪಗಣ ಎಂದು ಸುಲಭವಾಗಿ ಬೆಳೆಸಲೂಬಹುದು. ಜರ್ಮನಿಯ ಗೇಯಾರ್ಗ್ ಕ್ಯಾಂಟರ್ 1874ರಿಂದ ಬರೆದ ಲೇಖನಗಳಲ್ಲಿ ಈ ಸಿದ್ಧಾಂತ ಬೆಳೆಯಿತು. ಗಣದಲ್ಲಿ ಕ್ರಮಕ್ಕೆ ಬೆಲೆ ಇಲ್ಲ. ಒಂದೇ ಹೆಸರನ್ನು ಮೂರು ಸಲ ಬರೆದರೂ ಒಂದೇ ಎಂದು ಲೆಕ್ಕ. ಹಾಗಾಗಿ ಗಣಿತದ ಮೇಷ್ಟ್ರು ಹೋಟೆಲ್ ಇಟ್ಟು ‘ದೋಸೆ, ದೋಸೆ, ದೋಸೆ’ ಎಂಬ ಗಣವನ್ನು ಆರ್ಡರ್ ತೆಗೆದುಕೊಂಡರೆ ತಟ್ಟೆಗೆ ಬರುವುದು ಒಂದೇ.

ಸಿನಿಮಾ ‘ಸೆಟ್ಟೇರಿತು’ ಅಂದರೆ?

ಶೂಟಿಂಗ್ ಶುರುವಾಯಿತು. ಇದು ಅಪ್ಪಟ ಕನ್ನಡ ಸೃಷ್ಟಿ. ರಂಗಭೂಮಿ, ಸಿನಿಮಾಕ್ಕೆ ಕಟ್ಟುವ ಮನೆ, ಬೀದಿಗಳ ಅಲಂಕಾರಕ್ಕೆ ಇಂಗ್ಲಿಷಿನಲ್ಲಿ ಸೆಟ್. ನಾವು ಅದಕ್ಕೊಂದು ‘ಏರು’ ಸೇರಿಸಿದೆವು, ಸಿಂಹಾಸನ ಏರಿದ ಹಾಗೆ. ಈಗ ಪೂರ್ತಿ ಹೊರಾಂಗಣದಲ್ಲಿ, ಕಾಡಿನಲ್ಲಿ ಶೂಟಿಂಗ್ ನಡೆದರೂ, ಒಂದು ಹಲಗೆಯ ಸೆಟ್ಟೂ ಇಲ್ಲದಿದ್ದರೂ, ಸಿನಿಮಾ ಸೆಟ್ಟೇರುತ್ತೆ. ನನಗೆ ಇದು ತುಂಬಾ ಇಷ್ಟ.

‘ಅವರಿಬ್ಬರಿಗೂ ಸೆಟ್ ಆಗಲ್ಲ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹಾಗೇ ಹೇಳಬಹುದಾ?

ಹೇಳಿದರೆ ಲಂಡನ್ನಿನವರು ಪಿಳಿಪಿಳಿ ನೋಡುತ್ತಾರೆ. ಹೊಂದುವುದು, ಒಗ್ಗುವುದು, ಕುದುರುವುದು ಎಂಬ ಅರ್ಥದ ಸೆಟ್ ನಮ್ಮ ಕಡೆಯದು. ತಮಿಳಿನಲ್ಲೂ ತೆಲುಗಿನಲ್ಲೂ ಇದೆ. ಆ ಬಣ್ಣ ನಿಂಗೆ ಸೆಟ್ ಆಗಲ್ಲ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಸೂಟ್’. ಇಬ್ಬರಿಗೆ ಸೆಟ್ ಆಗದಿದ್ದರೆ ‘ಡೋಂಟ್ ಗೆಟ್ ಅಲಾಂಗ್’. ಕೆಲಸ ಸೆಟ್ ಆಯ್ತು ಅಂದರೆ ‘ವರ್ಕ್ಡ್ ಔಟ್’. ಲೈಫ್ ಸೆಟ್ಲ್ ಅನ್ನುವುದು ‘ಸೆಟಲ್’ನಿಂದ ಬಂದದ್ದು. ಅದು ಆಸನ ಎಂಬ ಅರ್ಥದ ಹಳೆಯ ಪದದಿಂದ ಹುಟ್ಟಿದ್ದು, ದೂರದ ದಾಯಾದಿ.

ಕನ್ನಡದಲ್ಲಿ ಮಾತಾಡುವಾಗ ಇದನ್ನು ತಪ್ಪು ಅನ್ನಲು ನಾನು ತಯಾರಿಲ್ಲ. ಟೈಲರ್ ಅಂಗಡಿಯಲ್ಲಿ ‘ತೋಳು ಸರಿಯಾಗಿ ಕೂತಿಲ್ಲ’ ಅನ್ನುವ ಜನ ನಾವು. ‘ಸೆಟ್ ಆಗಿಲ್ಲ’ ಅನ್ನುವುದು ಅದರದೇ ಇನ್ನೊಂದು ರೂಪ. ಸಾವಿರಾರು ಮೈಲಿ ಆಚೆ ಸಿಟ್‌ನಿಂದ ಹುಟ್ಟಿದ ಪದ ಇಲ್ಲಿಗೆ ಬಂದು ಮತ್ತೆ ಕೂರುವುದರ ಪಕ್ಕದಲ್ಲೇ ಕೂತಿದೆ.

ಅಸೆಟ್, ಕೆ–ಸೆಟ್, ಸೆಟ್ಟಿ. ಇವೆಲ್ಲ ಇದೇ ಕುಟುಂಬವಾ?

ಒಂದೂ ಅಲ್ಲ. ಅಸೆಟ್ ಬಂದದ್ದು ಹಳೆಯ ಫ್ರೆಂಚಿನಲ್ಲಿ ‘ಸಾಕಷ್ಟು’ ಎಂಬ ಅರ್ಥದ ಪದದಿಂದ. ಸಾಲ ತೀರಿಸಲು ಸಾಕಷ್ಟು ಇದೆ ಎಂಬಲ್ಲಿಂದ ಆಸ್ತಿ ಎಂಬ ಅರ್ಥ ಬಂತು. ಕೆ–ಸೆಟ್ ಬರೀ ಹ್ರಸ್ವರೂಪ. ಸಹಾಯಕ ಪ್ರಾಧ್ಯಾಪಕರಾಗಲು ಬರೆಯುವ ಆ ಅರ್ಹತಾ ಪರೀಕ್ಷೆಯನ್ನು ಮೊದಲು ಮೈಸೂರು ವಿಶ್ವವಿದ್ಯಾನಿಲಯ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಸೆಟ್ಟಿ ‘ಶ್ರೇಷ್ಠಿ’ಯಿಂದ ಬಂದದ್ದು.

ಕೊನೆಯದಾಗಿ, ಸೆಟ್ ದೋಸೆ ಯಾವ ಸೆಟ್? ಅದರಲ್ಲಿ ಎಷ್ಟು ದೋಸೆ ಇರಬೇಕು?

ಸೋಫಾ ಸೆಟ್ಟಿನ ಸೆಟ್. ಒಂದೇ ಕೊಡುವುದಿಲ್ಲ, ಜೊತೆಯಾಗಿ ಕೊಡುತ್ತಾರೆ, ಅದಕ್ಕೆ ಆ ಹೆಸರು. ಹಿಟ್ಟಿಗೆ ಅವಲಕ್ಕಿ ಹಾಕಿ ರುಬ್ಬಿ, ದಪ್ಪಗೆ ಹುಯ್ದು, ಮಗುಚದೆ, ಮುಚ್ಚಿ ಬೇಯಿಸಿದ ಮೆತ್ತನೆ ದೋಸೆ. ಜೊತೆಗೆ ಸಾಗು, ಚಟ್ನಿ. ನಾನು ಬೆಳೆದ ಊರಿನಲ್ಲಿ ಸೆಟ್ ಅಂದರೆ ಮೂರು. ಈಗ ಎರಡೇ ಇಟ್ಟು ಅದಕ್ಕೂ ಸೆಟ್ ಅನ್ನುವ ಹೋಟೆಲ್‌ಗಳಿವೆ. ಒಮ್ಮೆ ಕ್ಯಾಷಿಯರ್ ಹತ್ತಿರ ಕೇಳಿಯೇಬಿಟ್ಟೆ. ‘ಸಾರ್, ಎರಡಿದ್ರೂ ಸೆಟ್ಟೇ ಅಲ್ವಾ’ ಅಂದರು. ಪದದ ಲೆಕ್ಕದಲ್ಲಿ ಅವರದೇ ಸರಿ, ಬಿಲ್ಲು ಕೊಟ್ಟು ಬಂದೆ.